ಪ್ಲಗ್ ಓದುವ ಅತ್ತಿಗೆ

ಜೂನ್ 3, ಸೋಮವಾರ. ಬೆಳಿಗ್ಗೆ 7.40

ಮೂರನೇ ನಂಬರ್ ಆಂಬುಲೆನ್ಸ್ ವ್ಯಾನಿಗೆ ಮತ್ತೆ ಮಿಸ್ಸಿಂಗ್. ನಿನ್ನೆ ಸೇತುವೆ ಏರುವಾಗಲೇ ಗೊತ್ತಾಗಿತ್ತು. ತುಳಿದರೆ ಎಳೆಯುವುದಿಲ್ಲ, ಕೆಮ್ಮುತ್ತದೆ. ಒಳಗೆ ರೋಗಿ ಇರಲಿಲ್ಲ, ಪುಣ್ಯ. ಶೆಡ್ಡಿಗೆ ತಂದು ಬಿಟ್ಟು ಹೋಗಿದ್ದೆ. ಅತ್ತಿಗೆ ಬಿಸಿ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿಗೆ ಕೈ ಹಾಕುವವರಲ್ಲ. ಮಂತ್ರಿಯ ಗಾಡಿಯಾದರೂ ಸರಿ, ತಣ್ಣಗಾಗಲೇಬೇಕು.

ನಾನು ಹೋಗುವಷ್ಟರಲ್ಲಿ ಆಸ್ಪತ್ರೆಯ ಅರ್ಧ ಅಂಗಳ ಗುಡಿಸಿ, ಪೊರಕೆ ಗೋಡೆಗೆ ಒರಗಿಸಿ, ಬಾನೆಟ್ ಎತ್ತಿದ್ದರು.

"ಬಂದ್ಯಾ ಭಾಷಣಕಾರ? ಸೆಲ್ಫ್ ಹೊಡಿ."

ಹೊಡೆದೆ. ಎಂಜಿನ್ ಚಳಿಜ್ವರ ಬಂದ ಹಾಗೆ ನಡುಗಿತು. ರಬ್ಬರ್ ಕೈಗವಸು ಹಾಕಿಕೊಂಡು ಒಂದನೇ ಪ್ಲಗ್ಗಿನ ಕ್ಯಾಪ್ ಎಳೆದರು. ಎಂಜಿನ್ ಇನ್ನಷ್ಟು ಕುಗ್ಗಿತು. ಅಂದರೆ ಅದು ದುಡಿಯುತ್ತಿದೆ. ತಿರುಗಿ ಹಾಕಿ ಎರಡನೆಯದನ್ನು ಎಳೆದರು. ಏನೂ ಆಗಲಿಲ್ಲ. ಇದ್ದ ಹಾಗೇ ನಡುಗುತ್ತಿತ್ತು.

"ಸಿಕ್ದ ನೋಡು ಸೋಮಾರಿ. ಇವನು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ನಾಲ್ಕು ಜನ ಹೊರೋ ಮಂಚಾನ ಮೂರೇ ಜನ ಹೊರ್ತಿದಾರೆ. ಆಫ್ ಮಾಡು."

ಸೈಕಲ್ ಪಂಪಿನಿಂದ ಪ್ಲಗ್ಗುಗಳ ಸುತ್ತ ಗಾಳಿ ಹೊಡೆದರು. ಅಲ್ಲಿ ಕೂತ ಮರಳು ಬಿಚ್ಚುವಾಗ ಒಳಗೆ ಬಿದ್ದರೆ ಸಿಲಿಂಡರ್ ಗೀಚಿಹೋಗುತ್ತದೆ. ಆಮೇಲೆ ಒಂದೊಂದಾಗಿ ಬಿಚ್ಚಿ, ಬಿಳೀ ಬಟ್ಟೆಯ ಮೇಲೆ ಇದ್ದ ಕ್ರಮದಲ್ಲೇ ಸಾಲಾಗಿ ಇಟ್ಟರು. ನಾಲ್ಕನ್ನೂ ಗುಡ್ಡೆ ಹಾಕಿದವನನ್ನು ಅತ್ತಿಗೆ ಮನುಷ್ಯ ಅಂತ ಲೆಕ್ಕಕ್ಕೆ ಇಡುವುದಿಲ್ಲ. ಯಾವುದು ಯಾವ ಸಿಲಿಂಡರಿನದು ಅಂತ ತಿಳಿಯದಿದ್ದರೆ ಅದು ಹೇಳುವುದನ್ನು ಕೇಳುವುದು ಹೇಗೆ?

"ಒಂದು, ಮೂರು, ನಾಲ್ಕು ಬಿಸ್ಕತ್ತಿನ ಬಣ್ಣ. ತಿಂದದ್ದು ಅರಗ್ತಿದೆ. ಈಗ ಎರಡನೇದ್ರ ತುದಿ ನೋಡು."

ನಡುವಿನ ಕಂಬಿಯ ಅಂಚು ಸವೆದು ದುಂಡಗಾಗಿತ್ತು. ಮೇಲಿನ ಕೊಕ್ಕೆ ತೆಳ್ಳಗಾಗಿತ್ತು. ಎರಡರ ನಡುವೆ ಗೇಜಿನ ಎಲೆ ತೂರಿಸಿ ಅಳೆದರು. ಸೊನ್ನೆ ಪಾಯಿಂಟ್ ಎಂಟು ಮಿಲಿಮೀಟರ್ ಇರಬೇಕಾದ ಗ್ಯಾಪ್ ಒಂದು ಪಾಯಿಂಟ್ ಮೂರು ಆಗಿತ್ತು.

"ಕಿಡಿ ಇಷ್ಟು ದೂರ ಹಾರ್ಬೇಕು. ಖಾಲಿ ಗಾಡೀಲಿ ಹಾರತ್ತೆ. ಏರು ಬಂತು, ಒಳಗೆ ರೋಗಿ ಬಂದ — ಹಾರಲ್ಲ."

"ಇದೊಂದೇ ಯಾಕೆ ಅತ್ತಿಗೆ ಇಷ್ಟು ಸವೆದದ್ದು?"

"ಹೋದ್ಸಲ ನಿಮ್ಮ ಬೀಗದಕೈ ಮೂರೇ ಹೊಸಾದು ಕೊಟ್ಟ. ನಾಲ್ಕನೇದು ಮುಂದಿನ ತಿಂಗಳು ಅಂದ. ಯಾವ ವರ್ಷದ ಮುಂದಿನ ತಿಂಗಳು ಅಂತ ನಾನು ಕೇಳ್ಲಿಲ್ಲ, ನನ್ನ ತಪ್ಪು."

ಬೀಗದಕೈ ಅಂದರೆ ಸ್ಟೋರ್‌ಕೀಪರ್. ಸೊಂಟದಲ್ಲಿ ಒಂದು ಕಿಲೋ ಬೀಗದಕೈ ಗೊಂಚಲು, ತಲೆಯಲ್ಲಿ ಒಂದು ಗ್ರಾಂ ಇಲ್ಲ.

ಈ ಸಲ ಪಟ್ಟು ಹಿಡಿದು ನಾಲ್ಕೂ ಹೊಸ ಪ್ಲಗ್ ತರಿಸಿ ಹಾಕಿದರು. ಗಾಡಿ ಹೊಲಿಗೆ ಮಿಷನ್ನಿನ ಹಾಗೆ ಓಡಿತು. ಅತ್ತಿಗೆ ಬಾನೆಟ್ಟಿಗೆ ಕಿವಿ ಹತ್ತಿರ ತಂದು, ಕಣ್ಣು ಮುಚ್ಚಿ, ಅರೆಗಳಿಗೆ ನಿಂತರು. ಆಮೇಲೆ ಪೊರಕೆ ಎತ್ತಿಕೊಂಡು ಉಳಿದ ಅಂಗಳಕ್ಕೆ ಹೋದರು. ದುರಸ್ತಿ ಪುಸ್ತಕದಲ್ಲಿ "ಕೆಲಸ ಮಾಡಿದವರು" ಅನ್ನುವ ಕಡೆ ಸಹಿ ಹಾಕಿದ್ದು ಬೀಗದಕೈ. ನನ್ನ ಕಣ್ಣೆದುರೇ. ಹಲ್ಲು ಕಿಸಿದುಕೊಂಡು.

ಥೂ.


ಜೂನ್ 5, ಬುಧವಾರ

ಇವತ್ತು ಬರೆಯಲೇಬೇಕು, ಇಲ್ಲದಿದ್ದರೆ ಎದೆ ಬಿರಿಯುತ್ತದೆ.

ಅಣ್ಣ ಈ ಶೆಡ್ಡಿನ ಮೆಕ್ಯಾನಿಕ್ ಆಗಿದ್ದ. ಅತ್ತಿಗೆ ಅವನಿಗೆ ಬುತ್ತಿ ತರುತ್ತಿದ್ದರು. ಬುತ್ತಿ ತಂದವರು ಪಾನಾ ಕೈಗೆ ಕೊಟ್ಟರು, ಪಾನಾ ಕೊಟ್ಟವರು ನಟ್ಟು ಬಿಚ್ಚಿದರು, ನಟ್ಟು ಬಿಚ್ಚಿದವರು ಅಣ್ಣನ ತಪ್ಪು ಹಿಡಿಯಲು ಶುರು ಮಾಡಿದರು. "ನಿನ್ನ ಅತ್ತಿಗೆ ನನ್ನ ಮೇಷ್ಟ್ರು ಕಣೋ" ಅಂತ ಅಣ್ಣನೇ ಹೇಳುತ್ತಿದ್ದ. ಅವನು ತೀರಿಹೋಗಿ ಹನ್ನೊಂದು ವರ್ಷ. ಅನುಕಂಪದ ಮೇಲೆ ಅತ್ತಿಗೆಗೆ ನೌಕರಿ ಕೊಟ್ಟರು. ಎಂಥ ಅನುಕಂಪ! ಮೆಕ್ಯಾನಿಕ್ ಕುರ್ಚಿ ಖಾಲಿ ಇಟ್ಟು ಪೊರಕೆ ಕೊಟ್ಟರು. ಹೆಂಗಸಿಗೆ ಎಂಜಿನ್ ತಿಳಿಯುತ್ತದೆಯೇ? ಪೊರಕೆ ತಿಳಿಯುತ್ತದೆ, ಹುಟ್ಟಿನಿಂದಲೇ ತಿಳಿಯುತ್ತದೆ — ಹಾಗಂತ ಇವರ ಶಾಸ್ತ್ರ. ಪೊರಕೆ ಕೊಟ್ಟ ಮಾರನೇ ವಾರದಿಂದಲೇ ಆರು ಆಂಬುಲೆನ್ಸಿನ ಎಂಜಿನ್ ಆಕೆಯ ಕೈಯಲ್ಲಿ. ಎಲ್ಲರಿಗೂ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಿಲ್ಲ.

ನಾನು ಮಿಲ್ಲಿನಲ್ಲಿ ಹದಿನಾರು ವರ್ಷ ಯೂನಿಯನ್ ಮಾಡಿದವನು. ಲಾಠಿ ತಿಂದವನು. ಮಿಲ್ಲಿಗೆ ಬೀಗ ಬಿದ್ದ ಮೇಲೆ ಸ್ಟಿಯರಿಂಗ್ ಹಿಡಿದವನು. ನನ್ನ ಮನೆಯಲ್ಲೇ ಇಂಥ ಅನ್ಯಾಯ ಹನ್ನೊಂದು ವರ್ಷ ಗುಡಿಸುತ್ತಾ ಓಡಾಡುತ್ತಿದೆ, ನಾನು ಸುಮ್ಮನಿದ್ದೇನೆ.

ಕೇಳಿದೆ. "ಅತ್ತಿಗೆ, ನಿಮಗೆ ಸಿಟ್ಟೇ ಬರಲ್ವಾ?"

"ಬರತ್ತೆ. ಬಂದಾಗ ಒಂದು ಪ್ಲಗ್ ಜಾಸ್ತಿ ಉಜ್ತೀನಿ."


ಜೂನ್ 8, ಶನಿವಾರ. ಮಧ್ಯಾಹ್ನ

ಬೆಳಿಗ್ಗೆ ಹತ್ತಕ್ಕೆ ಕರೆ. ಗಾಜಿನ ಕಾರ್ಖಾನೆ ಹಿಂದಿನ ಓಣಿ, ಬಸುರಿ, ರಕ್ತ ನಿಲ್ಲುತ್ತಿಲ್ಲ. ಆಕೆಯನ್ನು ಮಲಗಿಸಿ ಹೊರಟರೆ ರೈಲ್ವೆ ಗೇಟು ಹಾಕಿದೆ. ಎಂಜಿನ್ ಆಫ್ ಮಾಡಿದೆ. ಹೊಗೆ ಒಳಗೆ ಹೋಗಬಾರದಲ್ಲ. ಗೇಟ್ ಎತ್ತಿದಾಗ ಸೆಲ್ಫ್ ಒಂದೇ ಸಲ. ಒಂದೇ. ಆಮೇಲೆ ಸೇತುವೆಯ ಏರು. ಪೂರ್ತಿ ತುಳಿದೆ. ಒಂದು ಕೆಮ್ಮು ಇಲ್ಲ. ಆರು ದಿನದ ಹಿಂದೆ ಇದೇ ಗಾಡಿ, ಇದೇ ಏರು, ಒದ್ದಾಡಿತ್ತು. ಕಿರುಬೆರಳಿನಷ್ಟು ಪಿಂಗಾಣಿ, ಅದರ ತುದಿಯಲ್ಲಿ ಕೂದಲೆಳೆಯಷ್ಟು ಸಂದು. ಆ ಸಂದಿನ ಅಳತೆ ತಪ್ಪಿದ್ದರೆ ಇವತ್ತು ಎರಡು ಜೀವ ಸೇತುವೆಯ ಮೇಲೆ.

ತಾಯಿ ಬದುಕಿದಳು. ಮಗುವೂ.

ಡ್ಯೂಟಿ ಡಾಕ್ಟರ್ ಬೆನ್ನು ತಟ್ಟಿದ. "ಒಳ್ಳೇ ಡ್ರೈವಿಂಗ್!"

"ಡ್ರೈವಿಂಗ್ ಅಲ್ಲ ಸಾರ್, ಪ್ಲಗ್ಗು. ಅಲ್ಲಿ ಗುಡಿಸ್ತಿದಾರಲ್ಲ, ಅವರು ಹಾಕಿದ್ದು."

ಡಾಕ್ಟರ್ ನಕ್ಕ. ತಮಾಷೆ ಅಂದುಕೊಂಡ.

ಆ ನಗು ಸಾಕು. ಇನ್ನು ಸುಮ್ಮನಿರುವುದಿಲ್ಲ.


ಜೂನ್ 11, ಮಂಗಳವಾರ

ಅತ್ತಿಗೆಯನ್ನು ಮೆಕ್ಯಾನಿಕ್ ಮಾಡಿ ಅಂತ ಅರ್ಜಿ ಬರೆದೆ. ಎರಡು ಪುಟ. ಮಿಲ್ಲಿನ ದಿನಗಳ ಕೈ ಇನ್ನೂ ಸತ್ತಿಲ್ಲ. "ಹನ್ನೊಂದು ವರ್ಷಗಳಿಂದ ಈ ಆಸ್ಪತ್ರೆಯ ಸಮಸ್ತ ತುರ್ತು ವಾಹನಗಳ ಎಂಜಿನ್ ಕೆಲಸವನ್ನು ಇವರೊಬ್ಬರೇ ನಿರ್ವಹಿಸುತ್ತಿದ್ದಾರೆಂಬ ಸತ್ಯವನ್ನು ಮುಚ್ಚಿಟ್ಟಿರುವ ಆಡಳಿತಕ್ಕೆ ಧಿಕ್ಕಾರ." ಧಿಕ್ಕಾರ ಮೂರು ಕಡೆ ಬಂದಿದೆ. ಡ್ರೈವರುಗಳು, ವಾರ್ಡಿನ ಆಯಾಗಳು, ಲಾಂಡ್ರಿಯವರು — ಸೇರಿ ನಲವತ್ತೆರಡು ಸಹಿ. ಆಡಳಿತಾಧಿಕಾರಿಯ ಮೇಜಿನ ಮೇಲೆ ಇಟ್ಟು, ಮುದ್ರೆ ಹಾಕಿಸಿಕೊಂಡು ಬಂದೆ.

ಅತ್ತಿಗೆಗೆ ಹೇಳಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದರು. ಕೆಲಸ ಆದ ಮೇಲೆ ಹೇಳಿದರಾಯಿತು.

ಬಹಳ ದಿನದ ಮೇಲೆ ಮೈಯಲ್ಲಿ ರಕ್ತ ಓಡಿದ ಹಾಗಿದೆ.


ಜೂನ್ 19, ಬುಧವಾರ

ನನ್ನ ಕೈ ಕಡಿದು ಹಾಕಬೇಕು.

ಅತ್ತಿಗೆಗೆ ನೋಟಿಸ್. ಕಾರಣ ಕೇಳಿ. ಅದರ ಎರಡನೇ ಪ್ಯಾರಾದಲ್ಲಿ ನನ್ನದೇ ವಾಕ್ಯ, ಒಂದಕ್ಷರ ಬಿಡದೆ, ಉದ್ಧರಣ ಚಿಹ್ನೆಯ ಒಳಗೆ. "ಹನ್ನೊಂದು ವರ್ಷಗಳಿಂದ... ಸಮಸ್ತ ತುರ್ತು ವಾಹನಗಳ ಎಂಜಿನ್ ಕೆಲಸವನ್ನು..." ಕೆಳಗೆ: ಸ್ವಚ್ಛತಾ ಸಿಬ್ಬಂದಿಯೊಬ್ಬರು ಅನಧಿಕೃತವಾಗಿ ತುರ್ತು ವಾಹನಗಳ ಎಂಜಿನ್ ಮುಟ್ಟಿ ರೋಗಿಗಳ ಪ್ರಾಣಕ್ಕೆ ಅಪಾಯ ತಂದಿರುವುದು ನಲವತ್ತೆರಡು ಸಾಕ್ಷಿಗಳ ಸಹಿಯಿಂದ ಸಾಬೀತಾಗಿದೆ. ಸೇವೆಯಿಂದ ಏಕೆ ತೆಗೆದುಹಾಕಬಾರದು? 27ರಂದು ವಿಚಾರಣೆ.

ಸಾಕ್ಷಿಗಳು! ನಾನು ವಾರ್ಡ್ ವಾರ್ಡ್ ಸುತ್ತಿ ಸಹಿ ಹಾಕಿಸಿದ ಜನ!

ಮಿಲ್ಲಿನ ಮಾಲೀಕನ ಹತ್ತಿರ ನಡೆಯುತ್ತಿತ್ತು ಈ ಧಿಕ್ಕಾರದ ಅರ್ಜಿ. ಅಲ್ಲಿ ನಾವು ಎರಡು ಸಾವಿರ ಜನ. ಇಲ್ಲಿ ಒಬ್ಬಳೇ ಹೆಂಗಸು, ಅವಳ ನೌಕರಿ, ಮತ್ತು ಅವಳನ್ನು ಕೇಳದೆ ಬರೆದ ಒಬ್ಬ ಗಂಡಸು.

ಅತ್ತಿಗೆ ಶೆಡ್ಡಿನ ಸ್ಟೂಲಿನ ಮೇಲೆ ಕೂತಿದ್ದರು. ನೋಟಿಸ್ ನನ್ನ ಕೈಗೆ ಕೊಟ್ಟರು. "ಓದು."

ಓದಿದೆ.

"ಇನ್ನೊಂದ್ಸಲ ಓದು. ನಿನ್ನ ಭಾಗ ಗಟ್ಟಿಯಾಗಿ ಓದು. ಚೆನ್ನಾಗಿ ಬರ್ದಿದೀಯ."

ನೋಟಿಸ್ ಮಡಚಿ ವಾಪಸ್ ಕೊಟ್ಟೆ.

"ನಂಗೂ ಒಂದು ಬಾಯಿ ಇತ್ತಲ್ಲೋ ಮೈದುನ. ಅದನ್ನ ಒಂದ್ಸಲ ಕೇಳ್ಬೋದಿತ್ತು."

ಅಷ್ಟೇ. ಎದ್ದು ಹೋದರು.


ಜೂನ್ 20

ಹೆಂಡತಿ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಕೊನೆಗೆ ತಟ್ಟೆ ಎತ್ತುವಾಗ: "ಆಕೆ ಮನೇಲಿ ಒಲೆ ಆರಿದ್ರೆ ನಮ್ಮನೇಲೂ ಉರಿಯಲ್ಲ. ಜ್ಞಾಪಕ ಇಟ್ಕೊಳ್ಳಿ."


ಜೂನ್ 23, ಭಾನುವಾರ. ಬೆಳಿಗ್ಗೆ 9

ಶೆಡ್ಡಿಗೆ ಹೋದೆ. ಭಾನುವಾರವೂ ಇದ್ದರು. ಐದನೇ ನಂಬರ್ ವ್ಯಾನು ನಲವತ್ತು ಸಾವಿರ ಕಿಲೋಮೀಟರ್ ಮುಟ್ಟಿದೆ, ಪ್ಲಗ್ ಬದಲಾಯಿಸಬೇಕು. ನೋಟಿಸ್ ಬಂದ ಮೇಲೂ! ನಾನಾಗಿದ್ದರೆ ಪಾನಾ ಎಸೆದು ಹೋಗುತ್ತಿದ್ದೆ. ಹಾಗಂದೆ.

"ನಾಳೆ ಇದ್ರಲ್ಲಿ ಬರೋ ಹುಡುಗಿ ನನಗೆ ನೋಟಿಸ್ ಕೊಟ್ಟಿದಾಳೇನೋ?"

ಕ್ಷಮಿಸಿ ಅತ್ತಿಗೆ ಅನ್ನಲು ನಾಲ್ಕು ದಿನದಿಂದ ತಾಲೀಮು ಮಾಡಿದ್ದೆ. ಅವರು ಬಿಡಲಿಲ್ಲ. ಹೊಸ ಪ್ಲಗ್ ಕೈಗಿಟ್ಟರು.

"ಹಾಕು."

ಇಷ್ಟು ವರ್ಷ ನೋಡಿದ್ದೇನೆ, ಒಂದನ್ನೂ ಹಾಕಿಲ್ಲ. ಪ್ಲಗ್ಗನ್ನು ಗುಂಡಿಗೆ ಇಳಿಸಿ ಪಾನಾ ಏರಿಸಿ ತಿರುಗಿಸಲು ಹೋದೆ. ಮಣಿಕಟ್ಟಿಗೆ ಒಂದು ಏಟು ಬಿತ್ತು. ನಿಜವಾದ ಏಟು.

"ಪಾನಾ ಕೆಳಗಿಡು. ಮೊದಲು ಕೈ."

ಒಂದು ತುಂಡು ರಬ್ಬರ್ ಪೈಪ್ ಕೊಟ್ಟರು. ಪ್ಲಗ್ಗಿನ ತಲೆಗೆ ಅದನ್ನು ಸಿಕ್ಕಿಸಿ, ಬೆರಳಿನಿಂದ ಸುತ್ತಬೇಕು. ಥ್ರೆಡ್ ಸರಿಯಾಗಿ ಕೂತರೆ ತಾನಾಗಿ ಇಳಿಯುತ್ತದೆ. ಓರೆಯಾದರೆ ಪೈಪೇ ಜಾರುತ್ತದೆ, ಮುಂದೆ ಹೋಗುವುದಿಲ್ಲ, ಏನೂ ಕೆಡುವುದಿಲ್ಲ. ಪಾನಾಗೆ ಆ ಮರ್ಯಾದೆ ಇಲ್ಲ. ಓರೆ ಇದ್ದರೂ ನುಗ್ಗುತ್ತದೆ, ಎಂಜಿನ್ನಿನ ಥ್ರೆಡ್ಡನ್ನೇ ಅರೆದು ಹಾಕುತ್ತದೆ. ಎಂಜಿನ್ ತಲೆ ಅಲ್ಯೂಮಿನಿಯಂ, ಮೆತ್ತಗಿನ ಲೋಹ. ಹೊಸ ಪ್ಲಗ್ ಸಿಗುತ್ತದೆ. ಹೊಸ ತಲೆ ಎಲ್ಲಿ ತರುವುದು?

"ಕೈಗೆ ಹಾದಿ ಗೊತ್ತಾಗ್ಬೇಕು. ತಳ ಮುಟ್ಟಿದ ಮೇಲೆ ಪಾನಾ, ಅದೂ ಅರ್ಧ ಸುತ್ತು. ನೀನು ಅರ್ಜಿಗೆ ಮೊದಲೇ ಪಾನಾ ಹಾಕ್ದೆ."

"ಹೂಂ."

"ಬಲ ಇದೆ ನಿನಗೆ. ಬಲ ಇಲ್ಲ ಅಂತ ನಾನು ಯಾವತ್ತೂ ಅನ್ನಲ್ಲ."

ನಾಲ್ಕೂ ನಾನೇ ಹಾಕಿದೆ. ಮೂರನೆಯದು ಎರಡು ಸಲ ಓರೆಯಾಯಿತು. ಎರಡು ಸಲವೂ ಬಿಚ್ಚಿಸಿದರು. ಕೊನೆಗೆ ಬೆರಳ ತುದಿಗೆ ಅದು ಸಿಕ್ಕಿತು — ಎಳೆ ಎಳೆಗೆ ಕೂಡಿಕೊಂಡು ಹಗುರಾಗಿ ಇಳಿಯುವುದು. ಹದಿನಾರು ವರ್ಷದ ಯೂನಿಯನ್ನಿನಲ್ಲಿ ಯಾರೂ ನನಗೆ ಇದನ್ನು ಕಲಿಸಿರಲಿಲ್ಲ.

ವಿಚಾರಣೆಯಲ್ಲಿ ಏನು ಹೇಳುತ್ತೀರಿ ಅಂತ ಕೇಳಿದೆ. "ಕೇಳಿದ್ದಕ್ಕೆ ಉತ್ತರ ಹೇಳ್ತೀನಿ. ನೀನು ಬಾ. ಬಾಯಿ ಮನೇಲಿಟ್ಟು ಬಾ."


ಜೂನ್ 27, ಗುರುವಾರ. ಸಂಜೆ 6

ವಿಚಾರಣೆ ಮುಗಿಸಿ ಈಗ ಬಂದೆ.

ಮೀಟಿಂಗ್ ಹಾಲ್. ಉದ್ದ ಮೇಜು. ಆ ತುದಿಗೆ ಆಡಳಿತಾಧಿಕಾರಿ, ಪಕ್ಕದಲ್ಲಿ ಬೀಗದಕೈ. ನಡುವೆ ಹೊರಗಿನಿಂದ ಕರೆಸಿದ ವಾಹನ ತಪಾಸಣೆಯ ಎಂಜಿನಿಯರ್. ವಯಸ್ಸಾದವರು. ಉಗುರಿನ ಸಂದಿಯಲ್ಲಿ ಕಪ್ಪು. ಅದನ್ನು ನೋಡಿ ನನಗೆ ಅರ್ಧ ಧೈರ್ಯ ಬಂತು. ಅತ್ತಿಗೆ ಎದುರಿಗೆ, ಒಗೆದ ನೀಲಿ ಸೀರೆ, ಕೈ ಕಟ್ಟಿಕೊಳ್ಳದೆ.

ಆಡಳಿತಾಧಿಕಾರಿ ಶುರು ಮಾಡಿದರು. "ನೋಡಮ್ಮ, ಪುಸ್ತಕದ ಪ್ರಕಾರ ದುರಸ್ತಿ ಮಾಡಿದ್ದು ಸ್ಟೋರ್‌ಕೀಪರ್. ಅರ್ಜಿ ಪ್ರಕಾರ ನೀನು. ಯಾವುದು ಸತ್ಯ?"

"ಎರಡೂ ಕಾಗದವೇ ಸಾರ್. ಗಾಡಿ ಕೇಳಿ."

ಎಂಜಿನಿಯರ್ ತಲೆ ಎತ್ತಿದರು. ಬೀಗದಕೈ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಈ ವ್ಯಾನುಗಳ ಪ್ಲಗ್ ಗ್ಯಾಪ್ ಎಷ್ಟಿಡ್ತೀರಿ?"

"ಕಂಪನಿ ಇಟ್ಟಷ್ಟೇ ಸಾರ್. ನಾವು ಹೆಚ್ಚು ಕಮ್ಮಿ ಮಾಡಲ್ಲ."

"ಕಂಪನಿ ಎಷ್ಟಿಡತ್ತೆ?"

"ಅದು... ಗಾಡಿ ನೋಡ್ಕೊಂಡು ಸಾರ್."

ಬಾಗಿಲಲ್ಲಿ ನಿಂತಿದ್ದ ಡ್ರೈವರೊಬ್ಬ ಕೆಮ್ಮಿದ. ಕೆಮ್ಮು ಅಲ್ಲ ಅದು.

ಎಂಜಿನಿಯರ್ ಚೀಲದಿಂದ ಪತ್ರಿಕೆಯ ಪೊಟ್ಟಣ ತೆಗೆದು ಬಿಚ್ಚಿದರು. ಐದು ಹಳೇ ಪ್ಲಗ್ಗು. "ಇದ್ರಲ್ಲಿ ಕೆಲವು ನಿಮ್ಮ ಆಸ್ಪತ್ರೆಯವು, ಕೆಲವು ಬೇರೆ ಕಡೆಯವು. ನೋಡಿ ಹೇಳಿ ತಾಯಿ."

ಅತ್ತಿಗೆ ಮೇಜಿನ ಮೇಲೆ ಮೊದಲು ಕರವಸ್ತ್ರ ಹಾಸಿದರು. ಐದನ್ನೂ ಸಾಲಾಗಿ ಇಟ್ಟರು. ಕಿಟಕಿಯ ಬೆಳಕಿಗೆ ತಿರುಗಿಸಿದರು. ಆತುರವೇ ಇಲ್ಲ.

ಮೊದಲನೆಯದು. "ಬಿಸ್ಕತ್ ಬಣ್ಣ. ಅಂಚು ಇನ್ನೂ ಚೂಪು. ಚೆನ್ನಾಗಿ ದುಡೀತಿತ್ತು. ಇದನ್ನ ಯಾಕ್ ಬಿಚ್ಚಿದ್ರಿ ಸಾರ್, ಪಾಪ?"

ಎಂಜಿನಿಯರ್ ಮೀಸೆಯೊಳಗೆ ನಕ್ಕರು.

ಎರಡನೆಯದು ಕರ್ರಗೆ, ಒದ್ದೆ. ಹೆಬ್ಬೆರಳಿಗೆ ಒರೆಸಿ ಮೂಸಿದರು. "ಆಯಿಲ್. ಪಿಸ್ಟನ್ ರಿಂಗ್ ಸವೆದಿದೆ. ಪ್ಲಗ್ ಬದಲಾಯ್ಸಿದ್ರೆ ಹದಿನೈದು ದಿನ ಸುಮ್ನಿರತ್ತೆ, ಮತ್ತೆ ಇದೇ ಕಥೆ. ರೋಗ ಕೆಳಗಿದೆ, ಬೈಗುಳ ಪ್ಲಗ್ಗಿಗೆ."

ಮೂರನೆಯದರ ಪಿಂಗಾಣಿ ಸುಣ್ಣದ ಹಾಗೆ ಬಿಳಿ, ಮೇಲೆ ಸಣ್ಣ ಗುಳ್ಳೆ. "ಸುಟ್ಟಿದೆ. ಪೆಟ್ರೋಲ್ ಸಾಲ್ತಿಲ್ಲ, ಗಾಳಿ ಹೆಚ್ಚು. ಇಲ್ಲಾ ಈ ಗಾಡಿಗೆ ಒಗ್ಗದ ನಂಬರಿನ ಪ್ಲಗ್ ಹಾಕಿದಾರೆ. ಹೀಗೇ ಓಡ್ಸಿದ್ರೆ ಒಂದಿನ ಪಿಸ್ಟನ್ನೇ ತೂತಾಗತ್ತೆ. ಇದರ ಡ್ರೈವರ್‌ಗೆ ಇವತ್ತೇ ಫೋನ್ ಮಾಡಿ ಸಾರ್."

ನಾಲ್ಕನೆಯದು ಒಣ ಮಸಿ. ಬೆರಳಿಟ್ಟರೆ ಬೆರಳು ಕಪ್ಪು. ಅತ್ತಿಗೆಯ ತುಟಿಯ ಕೊನೆ ಸ್ವಲ್ಪ ಕುಣಿಯಿತು.

"ಇದು ಓಡೋ ಗಾಡೀದಲ್ಲ ಸಾರ್. ನಿಲ್ಲೋ ಗಾಡೀದು. ಎಂಜಿನ್ ಆನು, ಏಸಿ ಆನು, ಸಾಹೇಬ್ರು ಒಳಗೆ ಮೀಟಿಂಗು. ಗಂಟೆಗಟ್ಲೆ. ಪ್ಲಗ್ ಬಿಸಿಯೇ ಆಗಲ್ಲ, ಮಸಿ ಸುಡಲ್ಲ, ಹಿಡ್ಕೊಂಡು ಕೂತ್ಬಿಡತ್ತೆ."

ಎಲ್ಲರೂ ಎಂಜಿನಿಯರ್ ಕಡೆ ನೋಡಿದೆವು. ಎಂಜಿನಿಯರ್ ಆಡಳಿತಾಧಿಕಾರಿಯ ಕಡೆ ನೋಡಿದರು. ಆಡಳಿತಾಧಿಕಾರಿ ಫ್ಯಾನಿನ ಕಡೆ ನೋಡಿದರು.

ಐದನೆಯದು. ಇದನ್ನು ಬಹಳ ಹೊತ್ತು ನೋಡಿದರು. ತಿರುಗಿಸಿದರು. ಉಗುರಿನಿಂದ ಕೆರೆದರು. ಮೂಸಿದರು. ಹೇಳಿ ಅತ್ತಿಗೆ, ಏನಾದರೂ ಹೇಳಿ!

ಕೆಳಗಿಟ್ಟರು. "ಇದು ನಂಗೆ ಗೊತ್ತಾಗ್ತಿಲ್ಲ."

"ಅಂದಾಜು?" ಎಂಜಿನಿಯರ್ ಕೇಳಿದರು.

"ಅಂದಾಜಿನ ಮೇಲೆ ಆಂಬುಲೆನ್ಸ್ ಬಿಡಲ್ಲ ಸಾರ್. ಗಾಡಿ ನೋಡ್ಬೇಕು."

ಎಂಜಿನಿಯರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಂಗೂ ಗೊತ್ತಾಗಿಲ್ಲ ತಾಯಿ. ಎರಡು ತಿಂಗಳಿಂದ ನನ್ನ ಟೇಬಲ್ ಮೇಲಿದೆ. ಗೊತ್ತು ಅಂತ ಹೇಳ್ತೀರೇನೋ ಅಂತ ತಂದೆ." ಆಮೇಲೆ ಆಡಳಿತಾಧಿಕಾರಿಗೆ: "ನಾಲ್ಕೂ ಸರಿ. ಐದನೇದು ಇನ್ನೂ ಸರಿ. ಇವರನ್ನ ತೆಗೀತೀರಾ? ತೆಗೀರಿ. ನಾಳೆ ಬೆಳಿಗ್ಗೆ ನಮ್ಮಲ್ಲಿಗೆ ಕರ್ಕೊಂಡು ಹೋಗ್ತೀನಿ."

ಬಾಯಿ ಮನೆಯಲ್ಲೇ ಇಟ್ಟು ಹೋಗಿದ್ದೆ. ಇಲ್ಲದಿದ್ದರೆ ಆ ಹಾಲಿನಲ್ಲಿ ಜಯಕಾರ ಹಾಕಿಬಿಡುತ್ತಿದ್ದೆ. ನಾನು ಎಷ್ಟೋ ನಾಯಕರ ಹಿಂದೆ ನಡೆದಿದ್ದೇನೆ. "ನನಗೆ ಗೊತ್ತಿಲ್ಲ" ಅಂದ ಒಬ್ಬನನ್ನೂ ನೋಡಿರಲಿಲ್ಲ.


ಜುಲೈ 2, ಮಂಗಳವಾರ

ಆದೇಶ ಬಂತು! ನೋಟಿಸ್ ವಾಪಸ್. ಹುದ್ದೆ: ಮೆಕ್ಯಾನಿಕ್. ಇನ್ನು ಮುಂದೆ ದುರಸ್ತಿ ಪುಸ್ತಕಕ್ಕೆ ಸ್ಟೋರ್‌ಕೀಪರ್ ಸಹಿ ಹಾಕುವಂತಿಲ್ಲ, ಹೊರಗಿನ ಗ್ಯಾರೇಜಿಗೆ ಗಾಡಿ ಕಳಿಸಬೇಕಾದರೂ ಮೆಕ್ಯಾನಿಕ್ ಸಹಿಯೇ ಬೇಕು — ಎಂಜಿನಿಯರ್ ಬರೆಸಿದ್ದು. ಡ್ರೈವರುಗಳು ಹಾರ್ನ್ ಹೊಡೆದೇ ಹೊಡೆದರು. ವಾರ್ಡಿನ ನರ್ಸು ಬಂದು ಬೈದು ಹೋದಳು.

ಅತ್ತಿಗೆ ಓದಿದರು. ಮಡಚಿದರು. ಸಹಿ ಹಾಕಲಿಲ್ಲ.

"ಏನಾಯ್ತು ಅತ್ತಿಗೆ?"

"ಇಂದಿನಿಂದ ಅಂತ ಬರ್ದಿದಾರೆ."

"ಹೌದು, ಇವತ್ತಿಂದ ನೀವು ಮೆಕ್ಯಾನಿಕ್!"

"ನಿನ್ನೆವರೆಗೆ ಪ್ಲಗ್ ಹಾಕಿದ್ದು ಯಾರು?"

ನಾನು — ಧಿಕ್ಕಾರದ ಮನುಷ್ಯ — ಏನಂದೆ ಗೊತ್ತೇ? "ಮೊದಲು ಇದನ್ನ ತಗೊಳ್ಳಿ ಅತ್ತಿಗೆ. ಉಳಿದದ್ದು ಆಮೇಲೆ ನೋಡೋಣ." ಇದೇ ಮಾತನ್ನು ಮಿಲ್ಲಿನಲ್ಲಿ ಯಾರಾದರೂ ಆಡಿದ್ದರೆ ಮಾಲೀಕನ ಬಾಲ ಅಂತ ಉಗಿಯುತ್ತಿದ್ದೆ.

ಅತ್ತಿಗೆ ನನ್ನ ಮುಖ ನೋಡಿದರು. ಕರುಣೆಯಿಂದ ನೋಡಿದರು, ಅದೇ ಹೆಚ್ಚು ಚುಚ್ಚಿತು.

"ಹನ್ನೊಂದು ವರ್ಷ ಯಾರೋ ಕಳ್ಳಿ ಬಂದು ಗಾಡಿ ಮುಟ್ಟಿ ಹೋದ್ಲು, ಇವತ್ತು ನಾವು ದೊಡ್ಡ ಮನಸ್ಸು ಮಾಡಿ ಅವಳನ್ನ ಕ್ಷಮಿಸಿದ್ವಿ ಅಂತ ಇದೆ ಇದ್ರಲ್ಲಿ. ನಾನು ಕಳ್ಳಿ ಅಲ್ಲ."

ಆದೇಶ ವಾಪಸ್ ಕಳಿಸಿದರು.


ಜುಲೈ 5, ಶುಕ್ರವಾರ

ಕೇಳಿ ಅತ್ತಿಗೆಯ ಹೋರಾಟ. ಘೋಷಣೆ ಇಲ್ಲ, ಬಾವುಟ ಇಲ್ಲ. ಆರು ಆಂಬುಲೆನ್ಸಿಗೆ ಎಂದಿನಂತೆ ಪೂರ್ತಿ ಕೆಲಸ. "ರೋಗಿ ಜೊತೆ ನನಗೆ ಜಗಳ ಇಲ್ಲ." ಸಾಹೇಬರುಗಳ ಕಾರು ಬಂದರೆ ಮಾತ್ರ ಪೊರಕೆ. "ಕಾಗದದ ಪ್ರಕಾರ ನಾನು ಗುಡಿಸೋಳು ಸಾರ್." ಕಾರಿನ ಸುತ್ತ ಗುಡಿಸುತ್ತಾರೆ. ಟಯರ್ ಸಂದಿಯನ್ನೂ ಬಿಡುವುದಿಲ್ಲ.

ಆಡಳಿತಾಧಿಕಾರಿಯ ಕಾರಿಗೆ ಮಿಸ್ಸಿಂಗ್ ಹೆಚ್ಚಾಗಿದೆ. ಮಸಿ ಹಿಡಿದ ಪ್ಲಗ್ಗು, ಬಿಡುತ್ತದೆಯೇ? ಮಧ್ಯಾಹ್ನ ಬೀಗದಕೈ ತಾನೇ ಬದಲಾಯಿಸುತ್ತೇನೆಂದು ತೋಳು ಮಡಚಿದ. ಆಗತಾನೆ ಓಡಿ ಬಂದ ಗಾಡಿ, ಎಂಜಿನ್ ಮೇಲೆ ನೀರು ಚಿಮುಕಿಸಿದರೆ ಚುಂಯ್ ಅನ್ನುವಷ್ಟು ಬಿಸಿ. ಪಾನಾ ಓರೆ. ಹಲ್ಲು ಕಚ್ಚಿ ಜಗ್ಗಿದ. ಟಕ್ ಅಂತು. ಪಿಂಗಾಣಿ ಮೇಲಿಂದ ತುಂಡಾಗಿ ಕೈಗೆ ಬಂತು, ಉಳಿದದ್ದು ಗುಂಡಿಯೊಳಗೇ ಕೂತಿತು. ಬೆರಳು ಬೊಬ್ಬೆ. ಬೆರಳಿಗೆ ಉಫ್ ಉಫ್ ಊದುತ್ತಾ ಕುಣಿದ.

ಅತ್ತಿಗೆ ದೂರದಿಂದಲೇ, ಪೊರಕೆ ಊರಿ: "ಚೂರು ಬಿದ್ದಿದ್ರೆ ಹೇಳಿ, ಗುಡಿಸ್ತೀನಿ."

ಎಂಜಿನಿಯರ್ ಬರೆಸಿದ ನಿಯಮ ಹಾಗೇ ಇದೆ, ಹೊರಗಿನ ಗ್ಯಾರೇಜಿಗೆ ಕಳಿಸಲು ಮೆಕ್ಯಾನಿಕ್ ಸಹಿ ಬೇಕು. ಮೆಕ್ಯಾನಿಕ್ ಇಲ್ಲ. ಸಾಹೇಬರು ಬಸ್ಸಿನಲ್ಲಿ ಬರುತ್ತಿದ್ದಾರೆ. ನಿಂತುಕೊಂಡು.


ಜುಲೈ 10, ಬುಧವಾರ

ಬೆದರಿಕೆ ಬಂತು. ಶೆಡ್ಡನ್ನೇ ಕಂಟ್ರಾಕ್ಟಿಗೆ ಕೊಡುತ್ತಾರಂತೆ. ಆಗ ಮೆಕ್ಯಾನಿಕ್ಕೂ ಇಲ್ಲ, ಹಳೇ ನೌಕರಿಯೂ ಇಲ್ಲ. ನನಗೆ ನಿದ್ದೆ ಇಲ್ಲ. ಕರಪತ್ರ ಬರೆಯಲು ಕೈ ತುರಿಸುತ್ತಿತ್ತು. ಈ ಸಲ ಮೊದಲು ಹೋಗಿ ಕೇಳಿದೆ.

"ಬರೀ. ಆದ್ರೆ ನಾನು ಹೇಳಿದ್ದು ಬರೀ. ನಿನ್ನದು ಒಂದು ಪದ ಸೇರ್ಬಾರ್ದು."

ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೋದರು. ಪುಸ್ತಕ ಇಲ್ಲ, ಚೀಟಿ ಇಲ್ಲ. ಹನ್ನೊಂದು ವರ್ಷದ ಹಿಂದಿನ ಫೆಬ್ರವರಿ 12, ಎರಡನೇ ನಂಬರ್ ವ್ಯಾನು, ನಾಲ್ಕು ಪ್ಲಗ್, ನಾಲ್ಕನೆಯದು ಆಯಿಲ್ ಒದ್ದೆ. ಏಪ್ರಿಲ್ 3, ಒಂದನೇ ನಂಬರ್. ಆ ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತು ಕ್ಯಾಪ್ ಒಳಗೆ ಕಿಡಿ ಸೋರಿದ್ದು. ಮರುವರ್ಷ ನಕಲಿ ಪ್ಲಗ್ ಬಂದದ್ದು, ತೂಕದಲ್ಲೇ ಗೊತ್ತಾಗಿ ವಾಪಸ್ ಮಾಡಿಸಿದ್ದು. "ಅವತ್ತು ನಿನ್ನ ಮಗಳು ಹುಟ್ಟಿದ್ದು. ನೀನು ಸಿಹಿ ತಂದೆ, ನನ್ನ ಕೈ ತುಂಬಾ ಗ್ರೀಸ್ ಅಂತ ನೀನೇ ಬಾಯಿಗೆ ಹಾಕ್ದೆ." ನಾನೇ ಮರೆತಿದ್ದೆ.

ಮೂರು ತಾಸು ಬರೆದೆ. ಇಪ್ಪತ್ತಮೂರು ಪುಟ. ದುರಸ್ತಿ ಪುಸ್ತಕ ತಂದು ತಾಳೆ ನೋಡಿದೆ. ದಿನಾಂಕ ತಪ್ಪಿದ್ದು ಎರಡು ಕಡೆ. ಅದರಲ್ಲಿ ಒಂದು ಕಡೆ ತಪ್ಪು ಪುಸ್ತಕದ್ದು, ಅದರಲ್ಲಿ ಬರೆದ ದಿನ ಭಾನುವಾರ, ಬೀಗದಕೈ ಊರಲ್ಲೇ ಇರಲಿಲ್ಲ.

ಕೊನೆಗೆ ಏನು ಬರೆಯಲಿ ಅಂದೆ. ಕೋರಿಕೆ? ಆಗ್ರಹ?

"ಏನೂ ಬೇಡ. ಇದನ್ನೆಲ್ಲ ಮಾಡಿದ್ದು ನಾನು ಅಂತ ಬರೀ. ಚುಕ್ಕೆ ಇಡು."

ನಾನು ಬರೆದ ಸಾವಿರ ಕರಪತ್ರದಲ್ಲಿ ಇಂಥ ಒಂದು ವಾಕ್ಯ ಇಲ್ಲ. ಒಂದು ಪ್ರತಿ ಆಡಳಿತಾಧಿಕಾರಿಗೆ, ಒಂದು ಆ ಎಂಜಿನಿಯರ್‌ಗೆ. ಅತ್ತಿಗೆ ತಾವೇ ಹೋಗಿ ಕೊಟ್ಟು ಬಂದರು.


ಜುಲೈ 13

ಸುದ್ದಿ ಇಲ್ಲ. ಅತ್ತಿಗೆ ಒಂದನೇ ನಂಬರಿನ ಪ್ಲಗ್ ನೋಡಿದರು. ಬಿಸ್ಕತ್ ಬಣ್ಣ.


ಜುಲೈ 18, ಗುರುವಾರ. ಬೆಳಿಗ್ಗೆ 10.20

ಮೂರನೇ ನಂಬರಿನ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಆಡಳಿತಾಧಿಕಾರಿ ಖುದ್ದು ಶೆಡ್ಡಿಗೆ ಬಂದಿದ್ದಾರೆ. ಬಸ್ಸಿನಿಂದ ಇಳಿದು ನೇರ ಇಲ್ಲಿಗೇ. ಅಂಗಿ ಬೆವರಿಗೆ ಅಂಟಿದೆ. ಕೈಯಲ್ಲಿ ಹೊಸ ಕಾಗದ. ಎಂಜಿನಿಯರ್ ಮೇಲಿನವರಿಗೆ ಬರೆದರಂತೆ, ಇಪ್ಪತ್ತಮೂರು ಪುಟ ಅಲ್ಲಿಯವರೆಗೂ ಹೋಯಿತಂತೆ.

"ತಗೋಮ್ಮ," ಅಂದರು. ಆಮೇಲೆ ಗಂಟಲು ಸರಿ ಮಾಡಿಕೊಂಡು, "ತಗೊಳ್ಳಿ."

ಅತ್ತಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಓದುತ್ತಿದ್ದಾರೆ. ಸಾಹೇಬರು ನಿಂತಿದ್ದಾರೆ, ಇವರು ಓದುತ್ತಿದ್ದಾರೆ. ಒಂದೊಂದೇ ಸಾಲು, ಬೆರಳಿಟ್ಟು. ಎರಡನೇ ಪುಟ. ಬೆರಳು ಒಂದು ಕಡೆ ನಿಂತಿತು.

"ಫೆಬ್ರವರಿ ಹನ್ನೆರಡರಿಂದ ಅಂತ ಇದೆ."

"ಹೌದು. ಹನ್ನೊಂದು ವರ್ಷದ ಹಿಂದಿನ ಫೆಬ್ರವರಿ. ನೀವು ಬರೆಸಿದ ಮೊದಲನೇ ದಿನವೇ."

ಮತ್ತೆ ಮೇಲಿನಿಂದ ಓದುತ್ತಿದ್ದಾರೆ. ದೇವರೇ, ಎಷ್ಟು ಹೊತ್ತು! ಮುಗಿಯಿತು. ಮುಖದಲ್ಲಿ ಏನೂ ತೋರಿಸುತ್ತಿಲ್ಲ. ಎಂಜಿನ್ ಕೇಳುವಾಗಿನ ಹಾಗೆ ಅರೆಗಳಿಗೆ ಕಣ್ಣು ಮುಚ್ಚಿದರು. ಈಗ ನನ್ನ ಕಡೆ ಬರುತ್ತಿದ್ದಾರೆ. ಕಿಟಕಿಯೊಳಗೆ ಕೈ ಚಾಚಿದ್ದಾರೆ.

"ಸಾಕು ಗೀಚಿದ್ದು. ಪೆನ್ ಕೊಡಿಲ್ಲಿ, ಸಹಿ ಹಾಕ್ಬೇಕು."

ನನ್ನ ಹತ್ತಿರ ಇರುವುದು ಇದೊಂದೇ —